ಹೆಸರಿಲ್ಲದ ಹೃದಯಗಳ ಲೆಕ್ಕ

ಸೆಪ್ಟೆಂಬರ್ 4, ಗುರುವಾರ

ಆರುನೂರು ಚಿತ್ರ ಬಂದಿವೆ. ನವೆಂಬರ್ ಮುಗಿಯುವುದರೊಳಗೆ ಎಣಿಸಿ ಕೊಡಬೇಕಂತೆ. ಆಗುತ್ತದೆಯೇ ಎಂದು ನಮ್ಮ ಲ್ಯಾಬಿನ ಮೇಡಂ ಕೇಳಿದ ರೀತಿ ನೋಡಿದರೆ ನಾನೇನೋ ನಿನ್ನೆ ಕೆಲಸಕ್ಕೆ ಸೇರಿದವನು. ಇಪ್ಪತ್ತಾರು ವರ್ಷ ಇದೇ ಕುರ್ಚಿ ಸವೆಸಿದ್ದೇನೆ, ಆಗದೆ ಏನು. ಡಿಸೆಂಬರ್ ಮೂವತ್ತೊಂದಕ್ಕೆ ನಿವೃತ್ತಿ. ಇದೇ ಕೊನೆಯ ಎಣಿಕೆ, ಇದನ್ನು ಕೆಡಿಸಿಕೊಂಡು ಹೋಗಲು ಇಷ್ಟವಿಲ್ಲ. ದಿನಕ್ಕೆ ಎಷ್ಟು ಎಣಿಸಿದೆ, ಕಣ್ಣು ಹೇಗಿತ್ತು, ತಲೆ ಹೇಗಿತ್ತು ಎಂದು ಬರೆದಿಟ್ಟುಕೊಳ್ಳಲು ಈ ನೋಟ್‌ಬುಕ್ಕು. ಬೇರೆ ಯಾರೂ ಓದಬೇಕಾಗಿಲ್ಲ.

ಮಧ್ಯಾಹ್ನ ಭಾವಮೈದನ ಫೋನು. ಎಂದಿನಂತೆ, ಇನ್ನೂ ಇಲಿ ಹಿಡಿಯುತ್ತಿದ್ದೀರಾ ಭಾವ ಎಂದ. ನೂರನೇ ಸಲ ಬಿಡಿಸಿ ಹೇಳಿದೆ. ಸಕ್ಕರೆ ಕಾಯಿಲೆ ಬಂದ ಇಲಿಯ ಹೃದಯದ ಚೂರನ್ನು ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗೆ ಕತ್ತರಿಸುತ್ತೇನೆ. ದೊಡ್ಡ ಯಂತ್ರ ಅದರ ಚಿತ್ರ ತೆಗೆಯುತ್ತದೆ. ಆ ಚಿತ್ರದಲ್ಲಿ ಜೀವಕೋಶದ ಒಳಗೆ ಪುಟ್ಟ ಪುಟ್ಟ ಚೀಲಗಳು ಕಾಣುತ್ತವೆ. ಕೋಶ ತನ್ನೊಳಗೆ ಸವೆದುಹೋದ ಭಾಗಗಳನ್ನು ಸುತ್ತಿ ಕಟ್ಟಿ ಇಡುವ ಚೀಲಗಳು ಅವು. ಆಮೇಲೆ ಅವನ್ನು ಕರಗಿಸಿ, ಸಿಕ್ಕಿದ್ದರಲ್ಲಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಹೃದಯಕ್ಕೆ ರಜೆ ಇಲ್ಲ, ಅದಕ್ಕೇ ಅದರೊಳಗೆ ಸವೆತ ಜಾಸ್ತಿ. ಈ ಶುಚಿ ಮಾಡುವ ಕೆಲಸ ತಪ್ಪಿದರೆ ಹೃದಯ ಸೋಲುತ್ತದೆ. ನಾನು ಆ ಚೀಲ ಎಣಿಸುವವನು. ಎಲ್ಲ ಕೇಳಿಸಿಕೊಂಡ ಮಹಾರಾಯ, ಅಂದರೆ ಕಸ ಎಣಿಸುವ ಕೆಲಸ ಎಂದ. ಇವಳ ತಮ್ಮ ಅಂತ ಸುಮ್ಮನಾದೆ.

ಚಿತ್ರಗಳ ಮೇಲೆ ಬರೀ ಇಲಿಯ ನಂಬರು. ಯಾವುದು ಕಾಯಿಲೆಯ ಇಲಿ, ಯಾವುದು ಆರೋಗ್ಯದ್ದು, ಯಾವುದಕ್ಕೆ ಔಷಧಿ ಕೊಟ್ಟಿದ್ದಾರೆ ಎಂಬುದು ನನಗೆ ಗೊತ್ತಾಗಬಾರದು. ಅದು ಮೇಡಂ ಬೀರುವಿನಲ್ಲಿ, ಅಂಟು ಹಾಕಿದ ಲಕೋಟೆಯಲ್ಲಿ ಇರುತ್ತದೆ. ಎಣಿಸಿ, ಬರೆದು, ಸಹಿ ಹಾಕಿದ ಮೇಲೆಯೇ ಕೋಡ್ ಬಿಚ್ಚುವುದು. ಬಿಚ್ಚಿದ ಮೇಲೆ ಒಂದು ಅಂಕಿಯನ್ನೂ ತಿದ್ದುವ ಹಾಗಿಲ್ಲ. ಇವತ್ತು ಎಣಿಸಿದ್ದು ಹದಿನಾಲ್ಕು.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಹದಿನೆಂಟು. ಬೆಳಗಿನ ಸಕ್ಕರೆ ನೂರ ಎಂಟು. ಹದಿನೇಳು ವರ್ಷದ ಸಕ್ಕರೆ ಕಾಯಿಲೆಯವನ ಅಂಕಿ ಇದು ಎಂದರೆ ಯಾರೂ ನಂಬುವುದಿಲ್ಲ. ಮಾತ್ರೆ ಒಂದೂ ತಪ್ಪಿಸುವುದಿಲ್ಲ, ಸಿಹಿ ಮುಟ್ಟುವುದಿಲ್ಲ. ಸಕ್ಕರೆ ಡಾಕ್ಟರು ನನ್ನನ್ನು ಬೇರೆ ರೋಗಿಗಳಿಗೆ ತೋರಿಸಿ ಹೊಟ್ಟೆ ಉರಿಸುತ್ತಾರೆ.

ನಮ್ಮ ಲ್ಯಾಬು ಮೂರನೇ ಮಹಡಿಯಲ್ಲಿದೆ. ಲಿಫ್ಟು ಗ್ಯಾಸ್ ಸಿಲಿಂಡರುಗಳಿಗೆ ಮೀಸಲು, ಮನುಷ್ಯರಿಗೆ ಮೆಟ್ಟಿಲು. ಎರಡನೇ ಮಹಡಿಯ ತಿರುವಿನಲ್ಲಿ ನೋಟೀಸ್ ಬೋರ್ಡು ಇದೆ. ಇಷ್ಟು ವರ್ಷ ಅದರ ಕಡೆ ತಿರುಗಿಯೂ ನೋಡಿದವನಲ್ಲ, ಈಚೆಗೆ ದಿನಾ ನಿಂತು ಓದುತ್ತೇನೆ. ಯಾರದೋ ಕಪ್ಪು ಛತ್ರಿ ಕಳೆದಿದೆಯಂತೆ. ನಿವೃತ್ತಿ ಹತ್ತಿರ ಬಂದರೆ ಮನುಷ್ಯನಿಗೆ ಲೋಕದ ಮೇಲೆ ಆಸಕ್ತಿ ಹುಟ್ಟುತ್ತದೆ ಎಂದು ಕಾಣುತ್ತದೆ.

ಸೆಪ್ಟೆಂಬರ್ 18, ಗುರುವಾರ

ಬರೀ ಏಳು. ಬೆಳಗ್ಗೆ ತಿಂಡಿ ತಿಂದ ಮೇಲೆ ಮೈಯೆಲ್ಲ ಬೆವರಿತು, ಹೊಟ್ಟೆಯಲ್ಲಿ ಏನೋ ಸಂಕಟ. ನೋವೇನಿಲ್ಲ. ಮೊಟ್ಟೆ ಹಳೆಯದಿರಬೇಕು ಎಂದೆ. ನಿನ್ನೆ ತಂದದ್ದು ಎಂದು ಇವಳು ಮುಖ ಊದಿಸಿಕೊಂಡಳು. ಅರ್ಧ ದಿನ ರಜೆ ಹಾಕಿ ಮಲಗಿ ಎಂದದ್ದಕ್ಕೆ, ಇಪ್ಪತ್ತಾರು ವರ್ಷದಲ್ಲಿ ಒಂದು ಮೊಟ್ಟೆಗಾಗಿ ರಜೆ ಹಾಕಿದವನು ಎಂಬ ಕೀರ್ತಿ ನನಗೆ ಬೇಡ ಎಂದೆ. ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋಯಿತು, ಸುಸ್ತು ಮಾತ್ರ ಹಾಗೇ ಇದೆ.

ಸೆಪ್ಟೆಂಬರ್ 26, ಶುಕ್ರವಾರ

ಇಪ್ಪತ್ತೊಂದು. ಯಾವುದು ಯಾವ ಇಲಿ ಎಂದು ಗೊತ್ತಿಲ್ಲದಿದ್ದರೂ ದಿನಾ ನೋಡುವವನಿಗೆ ಒಂದಷ್ಟು ನಂಬರುಗಳ ಮೇಲೆ ಪ್ರೀತಿ ಬಂದುಬಿಡುತ್ತದೆ. ಹದಿನೇಳು, ಇಪ್ಪತ್ತೆರಡು, ಮೂವತ್ತು: ಇವುಗಳಲ್ಲಿ ಚೀಲಗಳು ಕಿಕ್ಕಿರಿದಿವೆ. ಒಂದೊಂದು ಚಿತ್ರದಲ್ಲಿ ಹತ್ತು, ಹನ್ನೆರಡು. ಉಳಿದವುಗಳಲ್ಲಿ ಮೂರೋ ನಾಲ್ಕೋ. ಎಷ್ಟು ನಿಯತ್ತಿನ ಹೃದಯಗಳು ಎಂದುಕೊಂಡೆ. ಮನೆಯೊಳಗಿನ ಕಸವನ್ನೆಲ್ಲ ಗುಡಿಸಿ ಕಟ್ಟಿ ಇಟ್ಟಿವೆ. ಇವು ಔಷಧಿ ಕೊಟ್ಟ ಇಲಿಗಳೇ ಆಗಿರಲಿ ಎಂದು ಮನಸ್ಸು ಬಯಸುತ್ತದೆ. ಬಯಸಬಾರದು. ಆದರೂ ನನ್ನದೂ ಅದೇ ಕಾಯಿಲೆಯಲ್ಲವೇ, ಇಲಿಗೆ ಒಳ್ಳೆಯದಾದರೆ ನನಗೂ ಖುಷಿ.

ಅಕ್ಟೋಬರ್ 6, ಸೋಮವಾರ

ಹದಿನೈದು. ಹೊಸ ಶೂ ತಂದೆ, ಒಂದು ಸೈಜು ದೊಡ್ಡದು. ಹಳೆಯದು ಸಂಜೆಯ ಹೊತ್ತಿಗೆ ಹಿಡಿದುಕೊಳ್ಳುತ್ತಿತ್ತು. ಈಗಿನ ಚರ್ಮವೇ ಹೀಗೆ, ಕುಗ್ಗುತ್ತದೆ. ಕಾಲುಚೀಲ ಬಿಚ್ಚಿದರೆ ಕಣಕಾಲಿನ ಸುತ್ತ ಗೀರು ಬಿದ್ದಿರುತ್ತದೆ. ಇವಳು ಹೆಬ್ಬೆರಳಿನಿಂದ ಅಲ್ಲಿ ಒತ್ತಿ, ಗುಳಿ ಹಾಗೇ ನಿಲ್ಲುತ್ತದೆ ನೋಡಿ ಎಂದಳು. ನಿನ್ನ ಬೆರಳಿನ ಗುರುತು ನನ್ನ ಮೈಮೇಲೆ ಉಳಿಯಲಿ ಬಿಡು ಎಂದೆ. ನಾಚಿ ಒಳಗೆ ಹೋದಳು. ಈ ವಯಸ್ಸಿನಲ್ಲೂ ನಾಚುತ್ತಾಳೆ.

ಇವಳ ಹೊಲಿಗೆ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ. ಹಗಲೆಲ್ಲ ಜನರ ಮೈ ಅಳೆಯುತ್ತಾಳೆ. ಯಾರು ದಪ್ಪಗಾದರು, ಯಾರು ಇಳಿದರು ಎಂಬುದು ಡಾಕ್ಟರಿಗಿಂತ ಮೊದಲು ಇವಳಿಗೆ ಗೊತ್ತು. ಅದಕ್ಕೇ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ.

ಅಕ್ಟೋಬರ್ 13, ಸೋಮವಾರ

ಮೊದಲ ಮುನ್ನೂರು ಚಿತ್ರಗಳ ಕೋಡ್ ಇವತ್ತು ಬಿಚ್ಚಿದರು. ಮೇಡಂ, ನಾನು, ಮತ್ತೆ ಆ ಸಂಶೋಧನಾ ವಿದ್ಯಾರ್ಥಿನಿ. ಅವಳಿಗೆ ನಾನು ಇಟ್ಟ ಹೆಸರು ಕನ್ನಡಕ. ಬೆಳೆದು ನಿಂತ ಹೆಣ್ಣುಮಗಳು, ಇಲಿಗಳ ಹೃದಯವನ್ನು ಸ್ಕ್ಯಾನ್ ಮಾಡಿ ಬಡಿತ ಅಳೆಯುವುದು ಅವಳ ಕೆಲಸ.

ನನ್ನ ಪ್ರೀತಿಯ ಹದಿನೇಳು, ಇಪ್ಪತ್ತೆರಡು, ಮೂವತ್ತು ಕಾಯಿಲೆಯ ಇಲಿಗಳು. ಔಷಧಿ ಇಲ್ಲದವು. ಕನ್ನಡಕ ತನ್ನ ಪಟ್ಟಿ ತೆಗೆದು ಓದಿದಳು: ಇವುಗಳ ಹೃದಯವೇ ಎಲ್ಲಕ್ಕಿಂತ ದುರ್ಬಲ.

ನಾನು ಪೆಚ್ಚಾದೆ. ಅಷ್ಟೊಂದು ಚೀಲ ಕಟ್ಟಿದ್ದಾವಲ್ಲ, ಶುಚಿ ಕೆಲಸ ಜೋರಾಗಿ ನಡೆದಿದೆ ಎಂದಲ್ಲವೇ ಅರ್ಥ ಎಂದೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು (ಇದು ನಿಜವಾದ ಕನ್ನಡಕ) ಸಮಾಧಾನವಾಗಿ ಹೇಳಿದರು: "ಬೀದಿ ತುಂಬಾ ಕಸದ ಚೀಲ ಬಿದ್ದಿದೆ ಅಂದ್ರೆ ಜನ ಚೆನ್ನಾಗಿ ಗುಡಿಸ್ತಿದ್ದಾರೆ ಅಂತಾನೂ ಇರಬಹುದು, ಒಂದು ವಾರದಿಂದ ಗಾಡಿ ಬಂದಿಲ್ಲ ಅಂತಾನೂ ಇರಬಹುದು. ಬರೀ ಚೀಲ ಎಣಿಸಿದ್ರೆ ಯಾವುದು ಅಂತ ಗೊತ್ತಾಗಲ್ಲ."

ಇಪ್ಪತ್ತಾರು ವರ್ಷ ಚೀಲ ಎಣಿಸಿದವನಿಗೆ ಈ ಮಾತು ಮೊದಲೇ ಹೊಳೆಯಬೇಕಿತ್ತು. ಹಿಂದೆ ಒಂದೆರಡು ಸಲ ಕೇಳಿಯೂ ಇದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ ಅಷ್ಟೆ. ಇಳಿಯುವಾಗಲೂ ನೋಟೀಸ್ ಬೋರ್ಡಿನ ಹತ್ತಿರ ನಿಂತೆ. ಛತ್ರಿ ಸಿಕ್ಕಿದೆಯಂತೆ.

ಅಕ್ಟೋಬರ್ 14, ಮಂಗಳವಾರ

ಊಟದ ಹೊತ್ತಿಗೆ ಇವಳಿಗೆ ನಿನ್ನೆಯ ಕಥೆ ಹೇಳಿದೆ. ಹಾಗಾದರೆ ಗಾಡಿ ಬರುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ಲ್ಯಾಬಿನ ಎರಡನೇ ಪ್ರಯೋಗ ಅದೇ. ಬೇಕೆಂದೇ ಗಾಡಿಯನ್ನು, ಅಂದರೆ ಚೀಲ ಕರಗಿಸುವ ಕೆಲಸವನ್ನು, ಕೆಲವು ಗಂಟೆ ತಡೆಯುವುದು. ಆಗ ಚೀಲ ರಾಶಿ ಬಿದ್ದರೆ ಅಲ್ಲಿಯವರೆಗೆ ಗಾಡಿ ಓಡಾಡುತ್ತಿತ್ತು ಎಂದು ಅರ್ಥ. ತಡೆದರೂ ರಾಶಿ ಇದ್ದಷ್ಟೇ ಇದ್ದರೆ ಅದು ಮೊದಲೇ ನಿಂತಿತ್ತು ಎಂದು ಅರ್ಥ. ಉಳಿದ ಮುನ್ನೂರು ಚಿತ್ರ ಇದರವೇ.

ಆಮೇಲೆ, ಎಣಿಸುವವನಿಗೆ ಯಾವ ಇಲಿ ಎಂದು ಗೊತ್ತಾದರೆ ಲೆಕ್ಕ ನಿಜವಾಗಲೂ ಕೆಡುತ್ತದೆಯೇ ಎಂದು ಕೇಳಿದಳು. ಕೆಡುತ್ತದೆ ಮಹರಾಯಿತಿ, ನಾನೇ ಕೆಡಿಸಿದ್ದೇನೆ ಎಂದೆ. ಹದಿನೈದು ವರ್ಷದ ಹಿಂದೆ ಒಮ್ಮೆ ಚಿತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಗುರುತು ಕಣ್ಣಿಗೆ ಬಿತ್ತು. ಅದು ಔಷಧಿ ಕೊಟ್ಟ ಇಲಿ. ಮೋಸ ಮಾಡುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ಆದರೂ ಅಂದು ಎಣಿಸಿದ್ದೆಲ್ಲ ತಪ್ಪು. ಅನುಮಾನದ ಚೀಲ ಕಂಡಲ್ಲೆಲ್ಲ ಔಷಧಿಯ ಪರವಾಗಿಯೇ ತೀರ್ಪು ಕೊಟ್ಟಿದ್ದೆ. ತನ್ನವರದು ಎಂದು ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಅಂದಿನಿಂದ ಕೋಡ್ ಎಂದರೆ ನನಗೆ ದೇವರು.

ಇವಳು ಬಹಳ ಹೊತ್ತು ಒಂದೇ ತಟ್ಟೆ ತೊಳೆಯುತ್ತ ನಿಂತಿದ್ದಳು.

ಅಕ್ಟೋಬರ್ 24, ಶುಕ್ರವಾರ

ಹನ್ನೊಂದು. ವೇಗ ಕಡಿಮೆಯಾಗಿದೆ, ಹೊಸ ಚಿತ್ರಗಳು ಕಷ್ಟದವು.

ಮೂರು ದಿಂಬು ಹಾಕಿಕೊಂಡು ಮಲಗುತ್ತೇನೆ. ಚಪ್ಪಟೆಯಾಗಿ ಮಲಗಿದರೆ ಕೆಮ್ಮು. ಕಿಟಕಿಯ ಧೂಳು. ಒರಗುವ ಕುರ್ಚಿ ಇನ್ನೂ ಸುಖ. ರಾಜರೆಲ್ಲ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದರು ಎಂದು ಇವಳಿಗೆ ಹೇಳಿದೆ. ನಗಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇರಬೇಕು.

ಬೀಳ್ಕೊಡುಗೆಗೆ ಎಂದು ಹೊಸ ಪ್ಯಾಂಟು ಹೊಲಿಯುತ್ತಾಳಂತೆ. ಒಂದು ಪ್ಯಾಂಟಿಗೆ ಎಷ್ಟು ಸಲ ಅಳತೆ! ಸೊಂಟ, ಮೀನಖಂಡ, ಕಣಕಾಲು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಇಪ್ಪತ್ತೊಂಬತ್ತು ವರ್ಷ ಅಂಗಡಿ ನಡೆಸಿದವಳಿಗೆ ಕೈ ತಪ್ಪುತ್ತಿದೆ. ಪಾಪ, ವಯಸ್ಸು.

ನವೆಂಬರ್ 5, ಬುಧವಾರ

ಹತ್ತು. ಸಕ್ಕರೆ ನೂರ ಹನ್ನೆರಡು. ಇವತ್ತು ಸಕ್ಕರೆ ಡಾಕ್ಟರ ಹತ್ತಿರ ಹೋಗುವ ದಿನ, ಮುಂದಕ್ಕೆ ಹಾಕಿದೆ. ಇಷ್ಟು ಒಳ್ಳೆಯ ಅಂಕಿ ಇಟ್ಟುಕೊಂಡು ಅಲ್ಲಿ ಎರಡು ಗಂಟೆ ಬೆಂಚು ಕಾಯುವುದು ಯಾಕೆ. ಎಣಿಕೆ ಮುಗಿಯಲಿ. ತೂಕ ಒಂದಿಷ್ಟು ಏರಿದೆ. ಊಟ ಸೇರುತ್ತಿಲ್ಲ, ತೂಕ ಮಾತ್ರ ಏರುತ್ತಿದೆ. ಇದು ಯಾವ ನ್ಯಾಯ.

ಮೆಟ್ಟಿಲಿನ ತಿರುವಿನಲ್ಲಿ ಕನ್ನಡಕ ಸಿಕ್ಕಿದಳು. ಸರ್, ಕೂತ್ಕೊಳ್ಳಿ ಎಂದಳು. ಯಾಕೆ, ನಾನೇನು ಮುದುಕನೇ ಎಂದು ರೇಗಿದೆ. ಅವಳು ಬಿಡಲಿಲ್ಲ. ಹೃದಯ ಸೋತ ಇಲಿಗಳು ಪಂಜರದ ಜಾಲರಿ ಹತ್ತುವುದನ್ನು ಬಿಟ್ಟುಬಿಡುತ್ತವಂತೆ, ಮೂಲೆಯಲ್ಲಿ ಕೂತು ಏನೂ ಆಗಿಲ್ಲ ಎಂಬಂತೆ ಮೀಸೆ ತೀಡಿಕೊಳ್ಳುತ್ತವಂತೆ. ಒಂದು ಸಲ ನೀವು ಹೃದಯದ ಸ್ಕ್ಯಾನ್ ಮಾಡಿಸಿಕೊಳ್ಳಿ ಎಂದಳು. ನಿನ್ನ ಯಂತ್ರದಲ್ಲಿ ನನ್ನ ಹೃದಯ ಹಿಡಿಸುವುದಿಲ್ಲ ಕಣಮ್ಮ, ಬಹಳ ವಿಶಾಲವಾದದ್ದು ಎಂದೆ. ಅವಳೂ ನಗಲಿಲ್ಲ. ಈಗಿನವರಿಗೆ ಹಾಸ್ಯ ಎಂದರೆ ಏನೆಂದೇ ಗೊತ್ತಿಲ್ಲ.

ಎದೆನೋವು ಇದ್ದರೆ ತಾನೇ ಎದೆಯ ಮಾತು. ಒಂದು ದಿನವೂ ನೋವಿಲ್ಲ.

ನವೆಂಬರ್ 11, ಮಂಗಳವಾರ

ಆರು.

ನವೆಂಬರ್ 17, ಸೋಮವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಎಣಿಸುವವನನ್ನು ಪರೀಕ್ಷಿಸಲು ಮೇಡಂ ಒಂದಷ್ಟು ಚಿತ್ರಗಳನ್ನು ಬೇರೆ ನಂಬರು ಹಾಕಿ ಎರಡನೇ ಸಲ ಸೇರಿಸಿರುತ್ತಾರೆ. ಇದು ಮೊದಲಿನಿಂದಲೂ ಇರುವ ಪದ್ಧತಿ. ಎರಡು ಸಲದ ಲೆಕ್ಕ ಹೊಂದಬೇಕು. ನನ್ನದು ಒಂದು ಚೀಲ ಹೆಚ್ಚುಕಡಿಮೆ ಆದದ್ದು ಬಿಟ್ಟರೆ ಎಂದೂ ತಪ್ಪಿದ್ದಿಲ್ಲ.

ಈ ಸಲ ಹತ್ತು ಜೋಡಿಯಲ್ಲಿ ಏಳು ತಪ್ಪು. ಒಂದೇ ಚಿತ್ರ, ಅಕ್ಟೋಬರಿನಲ್ಲಿ ಹದಿನಾಲ್ಕು ಎಂದಿದ್ದೇನೆ, ಈಗ ಒಂಬತ್ತು. ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಕಣ್ಣು ತೋರಿಸಿಕೊಳ್ಳಿ, ಒಂದು ವಾರ ವಿಶ್ರಾಂತಿ ತಗೊಳ್ಳಿ, ಉಳಿದದ್ದನ್ನು ಕನ್ನಡಕ ಎಣಿಸುತ್ತಾಳೆ ಎಂದರು. ಉಳಿದದ್ದು ತೊಂಬತ್ತು. ಅಷ್ಟನ್ನು ನಾನೇ ಮುಗಿಸುತ್ತೇನೆ ಎಂದು ಗಟ್ಟಿಯಾಗಿ ಹೇಳಬೇಕೆಂದುಕೊಂಡೆ. ಮಾತು ಮುಗಿಸುವಷ್ಟು ಉಸಿರು ಇರಲಿಲ್ಲ, ಸುಮ್ಮನೆ ತಲೆ ಆಡಿಸಿ ಬಂದೆ. ಅವಮಾನ ಎಂದರೆ ಇದು.

ನವೆಂಬರ್ 20, ಗುರುವಾರ

ಮನೆಯಲ್ಲೇ ಇದ್ದೇನೆ. ಕಣ್ಣಿನ ಡಾಕ್ಟರು ಕಣ್ಣು ಪರವಾಗಿಲ್ಲ ಎಂದರು. ಅವರ ಯಂತ್ರ ಹಳೆಯದು.

ನವೆಂಬರ್ 23, ಭಾನುವಾರ

ಇವತ್ತಿನದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಗ್ಗೆ ಚಹಾ ಕುಡಿದ ಮೇಲೆ ಇವಳು ಟೈಪು ಮಾಡಿದ ನಾಲ್ಕು ಹಾಳೆ ತಂದು ಎದುರಿಗೆ ಇಟ್ಟಳು. ಅಂಗಡಿಗೆ ಬರುವ ಒಬ್ಬಾಕೆಯ ಮನೆಯವರದಂತೆ. ಆಕೆಗೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ನೀವು ಇಷ್ಟು ವರ್ಷ ಇದರಲ್ಲೇ ಇದ್ದೀರಲ್ಲ, ನೋಡಿ ಹೇಳಿ ಎಂದಳು. ಯಾರು ಎಂದೆ. "ಅದನ್ನ ಕೇಳಬೇಡಿ. ಏಳನೇ ನಂಬರು ಅಂತ ಇಟ್ಕೊಳ್ಳಿ" ಎಂದಳು. ಅವಳ ಬಾಯಲ್ಲಿ ನಮ್ಮ ಲ್ಯಾಬಿನ ಪದ್ಧತಿ ಕೇಳಿ ಖುಷಿಯಾಯಿತು. ಒಂದು ವಾರದಿಂದ ಯಾರೂ ನನಗೆ ಎಣಿಸಲು ಏನನ್ನೂ ಕೊಟ್ಟಿರಲಿಲ್ಲ.

ಐದು ವಾರದ ದಾಖಲೆ. ಸಕ್ಕರೆ ಕಾಯಿಲೆಯ ಮನುಷ್ಯ, ಗಂಡೋ ಹೆಣ್ಣೋ ಬರೆದಿಲ್ಲ. ಬೆಳಗ್ಗೆ ಸಂಜೆ ಕಣಕಾಲಿನ ಸುತ್ತಳತೆ ಸೆಂಟಿಮೀಟರಿನಲ್ಲಿ. ತೂಕವನ್ನು ಇಷ್ಟೆಂದು ಬರೆದಿಲ್ಲ, ಮೊದಲ ದಿನಕ್ಕಿಂತ ಎಷ್ಟು ಹೆಚ್ಚು ಎಂದಷ್ಟೇ ಬರೆದಿದ್ದಾರೆ. ಕೊನೆಯ ವಾರ ನಾಲ್ಕು ದಿನದಲ್ಲಿ ಎರಡೂವರೆ ಕಿಲೋ ಏರಿದೆ. ಮಲಗುವಾಗ ದಿಂಬು ಮೊದಲ ಕೆಲವು ದಿನ ಎರಡು, ಆಮೇಲೆ ಮೂರು, ಆಮೇಲೆ ದಿಂಬಿಲ್ಲ, ಕುರ್ಚಿ. ಒಂದು ಉಸಿರಿನಲ್ಲಿ ಎಷ್ಟು ಮಾತು ಆಡುತ್ತಾರೆ ಎಂದು ಎಣಿಸಿದ್ದಾರೆ: ಹದಿನಾಲ್ಕು, ಹನ್ನೊಂದು, ಏಳು, ಐದು. ಊಟ ಮೊದಲಿನ ಅರ್ಧ. ಎದೆನೋವು ಎಂಬ ಕಡೆ ದಿನಾ ಸೊನ್ನೆ.

ಎಷ್ಟು ಅಚ್ಚುಕಟ್ಟು! ಒಂದು ದಿನ ತಪ್ಪಿಲ್ಲ, ಒಂದು ಅಂಕಿ ತಿದ್ದಿಲ್ಲ. ಇದನ್ನು ಬರೆದವರು ಯಾರೋ, ನಮ್ಮ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು ಎಂದೆ. ಇವಳು ಹೊಲಿಗೆ ಯಂತ್ರದ ಹತ್ತಿರ ನಿಂತು ಕೆಳಗೆ ನೋಡುತ್ತಿದ್ದಳು.

ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಮೈಯಲ್ಲಿ ನೀರು ನಿಲ್ಲುತ್ತಿದೆ, ಹೃದಯ ಪಂಪು ಮಾಡಲಾರದೆ ಸೋಲುತ್ತಿದೆ. ನೋವಿಲ್ಲ ಎಂಬುದಕ್ಕೆ ಅರ್ಥವೇ ಇಲ್ಲ. ಬಹಳ ವರ್ಷದ ಸಕ್ಕರೆ ನರಗಳನ್ನು ಮಂಕು ಮಾಡಿಬಿಡುತ್ತದೆ, ಹೃದಯಾಘಾತವೇ ಆದರೂ ಕೆಲವರಿಗೆ ಗೊತ್ತಾಗುವುದಿಲ್ಲ. ಇದನ್ನೆಲ್ಲ ಇವಳಿಗೆ ಬಿಡಿಸಿ ಹೇಳಿದೆ. ಐದು ವಾರ ಸುಮ್ಮನೆ ಕೂತಿದ್ದಾರಲ್ಲ, ಈ ಏಳನೇ ನಂಬರಿಗೆ ಬುದ್ಧಿ ಇಲ್ಲವೇ, ಮನೆಯವರಿಗೆ ಕಣ್ಣಿಲ್ಲವೇ ಎಂದು ಬೈದೆ ಕೂಡ.

"ತೀರ್ಪು ಬರೆದು ಸಹಿ ಹಾಕಿ" ಎಂದಳು.

ಬರೆದೆ: ಈ ವ್ಯಕ್ತಿಯನ್ನು ಇವತ್ತೇ ಆಸ್ಪತ್ರೆಗೆ ಸೇರಿಸಬೇಕು. ಹೃದಯದ ಸ್ಕ್ಯಾನ್ ತಡಮಾಡದೆ ಆಗಬೇಕು. ನಾಳೆ ಎನ್ನಬಾರದು. ಕೆಳಗೆ ಸಹಿ, ತಾರೀಕು.

ಆಗ ಯಂತ್ರದ ಮೇಲಿದ್ದ ಯಾರದೋ ರವಿಕೆ ಬಟ್ಟೆಯ ಕೆಳಗಿಂದ ಒಂದು ಲಕೋಟೆ ತೆಗೆದು ಕೊಟ್ಟಳು. ಅಂಟು ಹಾಕಿತ್ತು. ಒಡೆದೆ. ಒಳಗಿನ ಚೀಟಿಯಲ್ಲಿ ಅವಳ ಕೈಬರಹದಲ್ಲಿ ಒಂದೇ ಮಾತು: ನೀವು.

ಮೊದಲು ಅರ್ಥವೇ ಆಗಲಿಲ್ಲ. ಹಾಳೆಗಳನ್ನು ಮತ್ತೆ ನೋಡಿದೆ. ಆಮೇಲೆ ಸಿಟ್ಟು ಬಂತು, ಎಂದೂ ಬರದಂಥ ಸಿಟ್ಟು. ಮನೆಯಲ್ಲೇ ಪತ್ತೇದಾರಿಕೆ ನಡೆಸಿದ್ದೀಯಾ, ನನ್ನನ್ನು ಇಲಿ ಮಾಡಿದೆಯಾ ಎಂದು ಕೂಗಿದೆ. ಕೂಗುವಾಗ ನಡುವೆ ಮೂರು ಸಲ ಉಸಿರು ಎಳೆದುಕೊಂಡೆ. ಅವಳು ಎಣಿಸುತ್ತಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು. ಅದು ಅಳತೆಗೆ ಸರಿಯಿಲ್ಲ, ಇದು ಟೈಪಿನ ತಪ್ಪು, ಹವೆ ಬದಲಾಗಿದೆ ಎಂದು ಒಂದೊಂದು ಅಂಕಿಗೂ ಒಂದೊಂದು ನೆಪ ಹೇಳಲು ಶುರುಮಾಡಿದೆ. ಅವಳು ಕೈ ಎತ್ತಿ ತಡೆದಳು.

"ಕೋಡ್ ಬಿಚ್ಚಿದ ಮೇಲೆ ಒಂದು ಅಂಕೀನೂ ತಿದ್ದೋ ಹಾಗಿಲ್ಲ ಅಂತ ಇಪ್ಪತ್ತಾರು ವರ್ಷದಿಂದ ಕೇಳ್ತಾ ಇದ್ದೀನಿ. ಸಹಿ ನಿಮ್ಮದೇ ಅಲ್ವಾ?"

ನನ್ನದೇ. ಚೀಲ ಅವಳು ಆಗಲೇ ತುಂಬಿಸಿ ಬಾಗಿಲ ಹಿಂದೆ ಇಟ್ಟಿದ್ದಳು. ಟ್ಯಾಕ್ಸಿಗೆ ಫೋನು ಮಾಡಿದಳು. ಇದನ್ನು ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದಾರೆ.

ನವೆಂಬರ್ 25, ಮಂಗಳವಾರ

ನೀರು ಇಳಿಸುವ ಇಂಜೆಕ್ಷನ್ ಕೊಟ್ಟು ಎರಡು ದಿನದಲ್ಲಿ ನಾಲ್ಕು ಕಿಲೋ ಇಳಿಸಿದರು. ನಿನ್ನೆ ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದೆ. ಅದು ಎಷ್ಟು ಸುಖ ಎಂದು ಮರೆತೇಹೋಗಿತ್ತು.

ಹೃದಯದ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ನೇರ. ಪರದೆಯ ಮೇಲೆ ನನ್ನ ಹೃದಯ ತೋರಿಸಿದರು. ಎಡಗಡೆಯ ಒಂದು ಭಾಗ ಅಲುಗಾಡುತ್ತಲೇ ಇಲ್ಲ. ಪ್ರತಿ ಬಡಿತಕ್ಕೂ ಅರ್ಧಕ್ಕಿಂತ ಹೆಚ್ಚು ರಕ್ತ ಹೊರಗೆ ಹೋಗಬೇಕು, ನನ್ನದು ಕಾಲು ಭಾಗ ಹೋಗುತ್ತಿದೆ. ಎರಡು ಮೂರು ತಿಂಗಳ ಹಿಂದೆ ಒಂದು ಆಘಾತ ಆಗಿದೆ, ಯಾವತ್ತು ಎಂದು ನೆನಪಿದೆಯೇ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಇವಳು ಪಕ್ಕದಲ್ಲಿ ಸೀರೆಯ ಅಂಚು ಹಿಡಿದುಕೊಂಡು ಕೂತಿದ್ದಳು.

ಸಕ್ಕರೆ ಅಷ್ಟು ಚೆನ್ನಾಗಿತ್ತಲ್ಲ ಡಾಕ್ಟರೇ ಎಂದೆ. ಈಗ ಚೆನ್ನಾಗಿದೆ, ಮೊದಲಿನ ಹತ್ತು ವರ್ಷ ಹೇಗಿತ್ತು ಎಂದರು. ಆ ಹತ್ತು ವರ್ಷದ ಬಗ್ಗೆ ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಬೀಳ್ಕೊಡುಗೆ ಮುಗಿಯಲಿ ಎಂದು ಇನ್ನೂ ಒಂದು ತಿಂಗಳು ಕಾದಿದ್ದರೆ ಎಂದು ಕೇಳಿದೆ. ಬೀಳ್ಕೊಡುಗೆಗೆ ಇರುತ್ತಿರಲಿಲ್ಲ ಎಂದರು.

ನವೆಂಬರ್ 27, ಗುರುವಾರ

ಮೇಡಂ ಬಂದಿದ್ದರು, ಕನ್ನಡಕವೂ. ಉಳಿದ ತೊಂಬತ್ತು ಮುಗಿಸಿದ್ದಾಳೆ. ಇಂದು ಕೋಡ್ ಬಿಚ್ಚಿದರಂತೆ. ಕಾಯಿಲೆಯ ಇಲಿಗಳಲ್ಲಿ ಗಾಡಿ ತಡೆದರೂ ಚೀಲ ಹೆಚ್ಚಾಗಿಲ್ಲ, ಮೊದಲೇ ನಿಂತಿತ್ತು. ಔಷಧಿ ಕೊಟ್ಟವುಗಳಲ್ಲಿ ಒಂದಿಷ್ಟು ಓಡಾಟ ಶುರುವಾದ ಹಾಗೆ ಕಾಣುತ್ತದೆಯಂತೆ. ಒಂದೇ ಪ್ರಯೋಗ, ಒಂದೇ ಲ್ಯಾಬು, ಮನುಷ್ಯರಿಗೆ ಹೀಗೇ ಎಂದು ಯಾರೂ ಹೇಳುವಂತಿಲ್ಲ ಎಂದು ಮೇಡಂ ಮೊದಲೇ ಎಚ್ಚರಿಸಿದರು. ನನಗೆ ಅದು ಗೊತ್ತು.

ಮೊಟ್ಟೆಯನ್ನು ಬೈದ ದಿನ, ಅಂದರೆ ಸೆಪ್ಟೆಂಬರ್ ಹದಿನೆಂಟರ ನಂತರ ನಾನು ಎಣಿಸಿದ್ದನ್ನೆಲ್ಲ ತೆಗೆದುಹಾಕಿ, ಹೊಸ ನಂಬರು ಹಾಕಿ, ಬೇರೆಯವರಿಂದ ಎಣಿಸಿ ಎಂದೆ. ಯಾಕೆ ಆ ತಾರೀಕು ಎಂದು ಮೇಡಂ ಕೇಳಿದರು. ಆ ದಿನದಿಂದ ಎಣಿಸಿದವನು ಸರಿ ಇರಲಿಲ್ಲ ಎಂದೆ. ಮುನ್ನೂರಕ್ಕೂ ಹೆಚ್ಚು ಚಿತ್ರ ಮತ್ತೆ ಎಣಿಸಬೇಕು, ಕನ್ನಡಕ ತಕರಾರಿಲ್ಲದೆ ಒಪ್ಪಿಕೊಂಡಳು. ಅವಳ ಕೈ ಹಿಡಿದು, ಅಂದು ಮೆಟ್ಟಿಲ ಮೇಲೆ ರೇಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಮ್ಮ ಎಂದೆ.

ಅವರು ಹೋದ ಮೇಲೆ ಇವಳನ್ನು ಕೇಳಿದೆ. ಐದು ವಾರ ಕದ್ದು ಅಳೆಯುವ ಬದಲು ನೇರವಾಗಿ ಹೇಳಬಾರದಿತ್ತೇ.

"ಹೇಳ್ತಾನೇ ಇದ್ದೆನಲ್ಲ" ಎಂದಳು. "ಹೇಳಿದಾಗೆಲ್ಲ ನಗಿಸಿಬಿಡ್ತಿದ್ರಿ. ನಾನೂ ನಕ್ಕುಬಿಡ್ತಿದ್ದೆ. ಆಮೇಲೆ ಅಂಗಡೀಲಿ ಕೂತು ನನ್ನನ್ನೇ ಬೈಕೊಳ್ತಿದ್ದೆ. ಈ ಮನುಷ್ಯ ಇಲಿ ಹೃದಯ ಆದ್ರೆ ಸೀರಿಯಸ್ಸಾಗಿ ನೋಡ್ತಾರೆ, ತನ್ನದು ಅಂದ್ರೆ ನೋಡಲ್ಲ. ಅದಕ್ಕೆ ನಿಮ್ಮ ಹೆಸರು ತೆಗೆದೆ."

ಇಷ್ಟು ವರ್ಷ ನಾನು ಇವಳನ್ನು ನಗಿಸುತ್ತೇನೆ ಎಂದು ಹೆಮ್ಮೆಪಟ್ಟಿದ್ದೆ. ನಗುತ್ತಿದ್ದವಳು ಅಷ್ಟೊಂದು ಹೆದರಿದ್ದಳು ಎಂದು ನನಗೆ ತಿಳಿದಿರಲಿಲ್ಲ. ಈ ಪುಸ್ತಕದಲ್ಲಿ ಅವಳ ಭಯ ಒಂದು ಕಡೆಯೂ ಇಲ್ಲ.

ನವೆಂಬರ್ 29, ಶನಿವಾರ

ಇಂದು ರಕ್ತನಾಳಕ್ಕೆ ನಳಿಕೆ ತೂರಿಸಿ ನೋಡುತ್ತಾರೆ, ಮುಚ್ಚಿದ ಕಡೆ ಬಿಡಿಸಲು ಆದರೆ ಬಿಡಿಸುತ್ತಾರೆ. ಆಗದಿದ್ದರೆ ಮುಂದೆ ಆಪರೇಷನ್. ಕಾಗದಕ್ಕೆ ಸಹಿ ಹಾಕಿದೆ. ಕೆಳಗೆ ಇವಳೂ ಹಾಕಿದಳು.

ನರ್ಸು ಬಟ್ಟೆ ಬದಲಾಯಿಸಿ ಹೋದ ಮೇಲೆ ಇವಳು ದಿಂಬು ಸರಿಮಾಡುತ್ತ, ಹೇಗಿದ್ದೀರಿ ಎಂದು ಕೇಳಿದಳು. ಬೆನ್ನ ಹಿಂದೆ ತೆರೆದಿರುವ ಈ ಆಸ್ಪತ್ರೆ ಅಂಗಿಯ ಹೊಲಿಗೆಯ ಬಗ್ಗೆ ಒಂದು ಒಳ್ಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಭಯ ಆಗ್ತಿದೆ ಕಣೇ" ಎಂದೆ.

ಅವಳು ದಿಂಬು ಬಿಟ್ಟು ಮಂಚದ ಮೇಲೆ ಕೂತಳು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಬಂತು. ಅವಳ ಅಳು ನಿಲ್ಲುವವರೆಗೂ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. "ನಂಗೂ" ಎಂದಳು ಕೊನೆಗೆ.

ಒಂಬತ್ತೂವರೆಗೆ ಕರೆದುಕೊಂಡು ಹೋಗುತ್ತಾರಂತೆ. ಇನ್ನು ಹತ್ತು ನಿಮಿಷ ಇದೆ. ಪೆನ್ನು ಕೆಳಗಿಡುತ್ತೇನೆ, ಇವಳು ಪಕ್ಕದಲ್ಲಿದ್ದಾಳೆ.